ಇಸ್ತ್ರಿ ಕೋಣೆ

ಸೆಪ್ಟೆಂಬರ್ 4, ಸೋಮವಾರ. ಬೆಳಗ್ಗೆ

ಮೂರನೇ ಅಲಾರಾಂ. ಮೂರಕ್ಕೂ ಎದ್ದವಳು ನಾನು. ಅಲಾರಾಂ ಇಟ್ಟವಳು ಗೋಡೆಯ ಕಡೆ ತಿರುಗಿ ಮಲಗೇ ಇದ್ದಾಳೆ, ಒಂದು ಕಾಲು ಹೊದಿಕೆಯಿಂದ ಹೊರಗೆ. ಚಹಾ ಇಟ್ಟೆ. ನಮ್ಮ ಪದ್ಧತಿಯಂತೆ ಮೂರು ಸಲ ಬಟ್ಟಲಿಗೆ ಸುರಿದು ಮೂರು ಸಲ ಕೆಟಲಿಗೆ ಹಿಂದಿರುಗಿಸಿದೆ. ಆ ಸದ್ದಿಗೂ ಏಳಲಿಲ್ಲ.

ಹೆಸರು ಮುಅತ್ತರ್. ಹತ್ತೊಂಬತ್ತು. ಬೈಸುನ್ ಕಡೆಯ ಗುಡ್ಡಗಾಡಿನವಳು. ಭೂವಿಜ್ಞಾನ, ಎರಡನೇ ವರ್ಷ. ಮಂಚದ ಕೆಳಗೆ ಒಂದು ಚೀಲ. ಬೆಳಗ್ಗೆ ಕತ್ತಲಲ್ಲಿ ಎಡವಿದೆ, ಹೆಬ್ಬೆರಳು ಊದಿದೆ. ಒಳಗೆ ಏನಿದೆ ಅಂದರೆ — ಕಲ್ಲು! ಊರಿನಿಂದ ಹುಡುಗಿಯರು ಒಣದ್ರಾಕ್ಷಿ ತರುತ್ತಾರೆ, ಇವಳು ಕಲ್ಲು ತಂದಿದ್ದಾಳೆ.

ನಿನ್ನೆ ಅವಳ ತಾಯಿ ಖೋಲ್‌ಬುವಿ ಬಂದಿದ್ದರು. ಇಡೀ ದಿನದ ರೈಲು. ಬಟ್ಟೆಯಲ್ಲಿ ಕಟ್ಟಿದ ಎಂಟು ರೊಟ್ಟಿ, ಅಕ್ರೋಟು, ಉಪ್ಪುಪ್ಪಾದ ಒಣಮೊಸರಿನ ಉಂಡೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ತಲೆವಸ್ತ್ರ, ಕನ್ನಡಕ, ಬಿರುಕುಬಿಟ್ಟ ಹಿಮ್ಮಡಿ. ನೋಡಿ ಮುಗಿಸಿ ಮಗಳ ಕೈ ಹಿಡಿದು ನನ್ನ ಮಂಚದ ಹತ್ತಿರ ತಂದು ನಿಲ್ಲಿಸಿ, ನನ್ನನ್ನು ಅಕ್ಕನೆಂದು ಕರೆದು ಒಪ್ಪಿಸಿದರು.

"ಒಪಾ, ಮಾಂಸ ನಿಮ್ಮದು, ಮೂಳೆ ನಮ್ಮದು."

ನೂರಾತದ ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಪ್ರತಿ ಸೆಪ್ಟೆಂಬರಿನಲ್ಲೂ ಗೇಟಿನ ಹತ್ತಿರ ತಾಯಂದಿರು ಮಕ್ಕಳನ್ನು ಮುಂದೆ ತಳ್ಳಿ ಹೇಳುವ ಮಾತು. ಹೊಡೆಯಿರಿ, ಬಡಿಯಿರಿ, ತಿದ್ದಿರಿ, ಮನುಷ್ಯರನ್ನಾಗಿ ಮಾಡಿ ವಾಪಸು ಕೊಡಿ ಅಂತ. ಯಾವಾಗಲೂ ಹೇಳುವಂತೆ ಎದೆಯ ಮೇಲೆ ಕೈ ಇಟ್ಟು "ಆಗಲಿ" ಅಂದೆ.

ಅದೇ ಹೊತ್ತಿಗೆ ನನ್ನ ಒಂಟಿ ಕೋಣೆಯ ಅರ್ಜಿ ಕೆಳಗೆ ವಾರ್ಡನ್ನರ ಮೇಜಿನ ಮೇಲಿತ್ತು. ಬಂದ ಮೊದಲ ದಿನವೇ ಕೊಟ್ಟಿದ್ದೆ. ವಾರ್ಡನ್ ರೋಜಾ ಒಪಾ ಟಾಟರ್ ಹೆಂಗಸು, ಬಾಯಿ ಜೋರು. "ನಾಲ್ಕನೇ ಮಹಡಿ ತುದೀಲಿ ಹಳೇ ಇಸ್ತ್ರಿ ಕೋಣೆ ಇದೆ. ಒಂದು ಮಂಚ, ಒಂದು ಕಿಟಕಿ. ಒಬ್ಬಳು ಪಿಎಚ್.ಡಿ. ಹುಡುಗಿ ಇದ್ದಾಳೆ, ಡಿಸೆಂಬರ್ 25ಕ್ಕೆ ಖಾಲಿ ಮಾಡ್ತಾಳೆ. ಅಲ್ಲೀವರೆಗೆ 412. ಜೊತೆಗೆ ಒಬ್ಬಳೇ. ಬೇರೆಯವರಿಗೆ ಮೂರು ಮೂರು ಜನ. ಪುಣ್ಯ ಮಾಡಿದ್ರಿ ಅಂದ್ಕೊಳ್ಳಿ."

ನನಗೆ ನಲವತ್ತೇಳು ವರ್ಷ, ಪಾಠ ಮಾಡುವುದು ಬಿಟ್ಟು ಈಗ ಮತ್ತೆ ವಿದ್ಯಾರ್ಥಿನಿ. ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದ ನೆನಪಿಲ್ಲ. ಮೊದಲು ಅಕ್ಕತಂಗಿಯರು ಐದು ಜನ ಒಂದೇ ಹಾಸಿಗೆಯ ಸಾಲಿನಲ್ಲಿ. ಆಮೇಲೆ ಗಂಡ. ಆಮೇಲೆ ಅತ್ತೆ — ಕೊನೆಯ ಹದಿಮೂರು ವರ್ಷ, ಅವರ ಕೆಮ್ಮು ನನ್ನ ಕಿವಿಯ ಪಕ್ಕದಲ್ಲೇ.

ಡಿಸೆಂಬರಿಗೆ ನಾಲ್ಕು ತಿಂಗಳು.

ಸೆಪ್ಟೆಂಬರ್ 21

ಸೂರ್ಯಕಾಂತಿ ಬೀಜದ ಸಿಪ್ಪೆ. ದಿಂಬಿನ ಕೆಳಗೆ, ಕಿಟಕಿಯ ಸಂದಿಯಲ್ಲಿ, ಇವತ್ತು ನನ್ನ ಪುಸ್ತಕದ ಒಳಗೆ.

"ಏನು ಓದ್ತೀರಿ ಒಪಾ ಅಷ್ಟೊಂದು?"

ಹೆಣ ಎತ್ತುವಾಗ ಹೆಂಗಸರು ಹಾಡುವ ಹಾಡುಗಳು ಅಂದೆ. ನನ್ನ ಪ್ರಬಂಧದ ವಿಷಯ ಅದು — ಶೋಕದ ಹಾಡುಗಳಲ್ಲಿ ಬರುವ ಬಾಗಿಲು, ಹೊಸ್ತಿಲು.

"ಅಯ್ಯೋ! ಸತ್ತವರಿಗೆ ಹಾಡಿದ್ದಕ್ಕೂ ಡಿಗ್ರಿ ಕೊಡ್ತಾರಾ? ನಮ್ಮಜ್ಜಿಗೆ ಗೊತ್ತಾಗಿದ್ರೆ ಇಷ್ಟೊತ್ತಿಗೆ ಪ್ರೊಫೆಸರ್ ಆಗ್ತಿದ್ರು."

ನಗು ಬಂತು. ತೋರಿಸಲಿಲ್ಲ.

ಅಕ್ಟೋಬರ್ 14, ಶನಿವಾರ

ಸಂಜೆ ಎಂಟಕ್ಕೆ ಸರಿಯಾಗಿ ಅವಳ ಅಪ್ಪ ಎಶ್ಮುರೊದ್ ವಿಡಿಯೋ ಕರೆ ಮಾಡುತ್ತಾರೆ. ದಿನಾ. ಒಂದು ದಿನವೂ ತಪ್ಪಿಲ್ಲ. ಕುರಿಮಂದೆ ಕೊಟ್ಟಿಗೆಗೆ ಸೇರಿದ ಮೇಲೆ ಗುಡ್ಡದ ಮೇಲೆ ಹತ್ತಿ ನಿಲ್ಲುತ್ತಾರಂತೆ, ಅಲ್ಲಿ ಮಾತ್ರ ಸಿಗ್ನಲ್. ಎರಡು ಮಾತು ಆಡಿದ ಮೇಲೆ ಮುಅತ್ತರ್ ಫೋನನ್ನು ನನ್ನ ಕಡೆ ತಿರುಗಿಸುತ್ತಾಳೆ.

"ಒಪಾ, ಮುಖ ತೋರ್ಸಿ."

ನಾನು ತಲೆವಸ್ತ್ರ ಸರಿಮಾಡಿಕೊಂಡು ಸಲಾಂ ಹೇಳುತ್ತೇನೆ. ಅವರು ಅಲ್ಲಿಂದ — ಗಾಳಿ, ನಾಯಿ ಬೊಗಳುವ ಸದ್ದು, ಕತ್ತಲಲ್ಲಿ ಅರ್ಧ ಗಡ್ಡ — "ಚೆನ್ನಾಗಿದೀರಾ, ಸುಸ್ತಾಗಿಲ್ವಲ್ಲ?" ಅನ್ನುತ್ತಾರೆ. ಅಷ್ಟೇ. ಕರೆ ಮುಗಿಯುತ್ತದೆ.

ಮರ್ಯಾದಸ್ಥರು. ಆದರೆ ಓದುತ್ತಿದ್ದ ಸಾಲು ಪ್ರತಿದಿನ ಅಲ್ಲೇ ಕಡಿಯುತ್ತದೆ. ಹಿಡಿದುಕೊಳ್ಳಲು ಅರ್ಧ ಗಂಟೆ ಬೇಕು.

ಕ್ಯಾಲೆಂಡರಿನಲ್ಲಿ ಡಿಸೆಂಬರ್ 25ಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ.

ನವೆಂಬರ್ 17

ನಾಲ್ಕು ದಿನ ಜ್ವರ. ಮೈಯೆಲ್ಲ ನಡುಕ.

ಹುಡುಗಿ ಕಾಲೇಜಿಗೆ ಹೋಗಲಿಲ್ಲ. ಅಡುಗೆಮನೆಯ ಸರದಿಯಲ್ಲಿ ಯಾರ ಜೊತೆಗೋ ಜಗಳ ಆಡಿ ಕುರಿಮಾಂಸದ ಸಾರು ಮಾಡಿ ತಂದಳು. ಎರಡು ಚಪ್ಪಟೆ ಕಲ್ಲುಗಳನ್ನು ಒಲೆಯ ಮೇಲೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಪಾದದ ಹತ್ತಿರ ಇಟ್ಟಳು. "ಇದು ಬಸಾಲ್ಟ್ ಒಪಾ. ಬೆಳಗಿನವರೆಗೂ ಬಿಸಿ ಬಿಡಲ್ಲ. ಬೈದ್ರಲ್ಲ ನನ್ನ ಕಲ್ಲಿಗೆ!"

ನಿನ್ನೆ ಮಧ್ಯಾಹ್ನ ಜ್ವರ ಇಳಿದಾಗ ಕೇಳಿದಳು, "ಮನೇಲಿ ಯಾರಿದ್ದಾರೆ ನಿಮಗೆ?"

ಯಾರಿಗೂ ಹೇಳದ್ದನ್ನು ಹೇಳಿದೆ. ಹದಿನಾಲ್ಕು ವರ್ಷದ ಹಿಂದೆ ಗಂಡ ರಷ್ಯಾಕ್ಕೆ ಕೆಲಸಕ್ಕೆ ಹೋದದ್ದು. ಹೊರಡುವ ಬೆಳಗ್ಗೆ ಎಲ್ಲರಂತೆ ರೊಟ್ಟಿಯ ಅಂಚು ಒಂದು ತುತ್ತು ಕಚ್ಚಿದ್ದು. ಉಳಿದ ರೊಟ್ಟಿಯನ್ನು ಅತ್ತೆ ಗೋಡೆಯ ಮೊಳೆಗೆ ತೂಗುಹಾಕಿದ್ದು. ಮರಳಿ ಬಂದವನು ತಾನು ಕಚ್ಚಿಬಿಟ್ಟದ್ದನ್ನು ತಾನೇ ತಿಂದು ಮುಗಿಸಬೇಕು. ಅಲ್ಲಿಯವರೆಗೆ ಆ ರೊಟ್ಟಿ ಅವನನ್ನು ಎಳೆಯುತ್ತಿರುತ್ತದೆ ಎನ್ನುವುದು ನಮ್ಮವರ ನಂಬಿಕೆ. ಎರಡು ವರ್ಷಕ್ಕೆ ಅಲ್ಲೇ ಬೇರೆ ಹೆಂಡತಿ, ಮಗು. ನಮಗೆ ಮಕ್ಕಳಾಗಿರಲಿಲ್ಲ. ಅತ್ತೆ ರೊಟ್ಟಿ ಇಳಿಸಲು ಬಿಡಲಿಲ್ಲ. ಈ ಬೇಸಿಗೆಯಲ್ಲಿ ಅವರನ್ನು ಮಣ್ಣು ಮಾಡಿ ಬಂದ ಮೇಲೆ ನಾನೇ ಇಳಿಸಿದೆ. ಕಲ್ಲಾಗಿತ್ತು. ನೀರಲ್ಲಿ ನೆನೆಸಿ ಕಾಂಪೌಂಡಿನ ಮೇಲೆ ಗುಬ್ಬಿಗಳಿಗೆ ಇಟ್ಟೆ. ಮಾರನೆಯ ವಾರವೇ ಇಲ್ಲಿಗೆ ಅರ್ಜಿ ಹಾಕಿದೆ.

ಮುಅತ್ತರ್ ತಣ್ಣಗಾದ ಕಲ್ಲನ್ನು ಬಟ್ಟೆಯಿಂದ ಬಿಚ್ಚಿದಳು. ಆಮೇಲೆ, "ಅವರೇನಾದ್ರೂ ಬಂದುಬಿಟ್ರೆ ಒಪಾ?"

"ಬಂದ್ರೆ ಹೊಸದು ಸುಟ್ಟುಕೊಡ್ತೀನಿ. ಉಪ್ಪು ಹಾಕಲ್ಲ."

ಬಿದ್ದುಬಿದ್ದು ನಕ್ಕಳು. ನನಗೂ ತಡೆಯಲಾಗಲಿಲ್ಲ. ಕೆಮ್ಮು ಬಂತು.

ಡಿಸೆಂಬರ್ 12

ರೋಜಾ ಒಪಾ ಮೆಟ್ಟಿಲಿನಲ್ಲೇ ತಡೆದರು. "ಇಸ್ತ್ರಿ ಕೋಣೆ 25ಕ್ಕೆ ಖಾಲಿ. ಲಿಸ್ಟಲ್ಲಿ ಮೊದಲು ನೀವೇ. ನಿಮ್ಮ ಹಿಂದೆ ಆರು ಜನ ನಾಲಿಗೆ ಚಾಚ್ಕೊಂಡು ನಿಂತಿದ್ದಾರೆ. ಶುಕ್ರವಾರ ಹೇಳಿಬಿಡಿ — ಕೋಣೆ ಬೇಕೋ, ಆ ಕಲ್ಲು ಹುಡುಗಿ ಬೇಕೋ?"

ಇದರಲ್ಲಿ ಕೇಳುವುದೇನಿದೆ ಅಂದೆ. ಆದರೂ ಅಲ್ಲೇ ಸಹಿ ಮಾಡಲಿಲ್ಲ. ಯಾಕೆ?

ಹೋಗಿ ನೋಡಿ ಬಂದೆ. ಕಿರಿದು. ಕೈ ಚಾಚಿದರೆ ಎರಡೂ ಗೋಡೆ. ಕಿಟಕಿಯ ಆಚೆ ಚಿನಾರ್ ಮರದ ಬೋಳು ತಲೆ. ಇಸ್ತ್ರಿಪೆಟ್ಟಿಗೆಯ ವೈರು ಹಾಕುತ್ತಿದ್ದ ದಪ್ಪ ಮೊಳೆ ಗೋಡೆಯಲ್ಲಿ ಹಾಗೇ ಇದೆ. ಬಾಗಿಲು ಹಾಕಿಕೊಂಡು ಒಂದು ನಿಮಿಷ ನಿಂತೆ. ಏನೂ ಕೇಳಿಸಲಿಲ್ಲ. ಯಾರೂ ಉಸಿರಾಡುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಡಿಸೆಂಬರ್ 15, ಶುಕ್ರವಾರ

ಬೆಳಗ್ಗೆ ಚಹಾ ಕುಡಿಯುವಾಗ ಹೇಳಿದೆ. ಅವಳು ರೊಟ್ಟಿ ಮುರಿಯುತ್ತಿದ್ದಳು. ಕೈ ನಿಂತಿತು. ಮತ್ತೆ ಮುರಿದಳು.

"ಹೋಗಿ ಒಪಾ. ನಿಮ್ಮ ಕನಸು ಅಲ್ವಾ ಅದು. ನಿದ್ದೇಲೂ ಇಸ್ತ್ರಿ ಇಸ್ತ್ರಿ ಅಂತೀರಿ."

"ಸುಳ್ಳು!"

"ಖರೆ. ನಾನು ಬಟ್ಟೆ ತಂದುಕೊಡಬೇಕೇನೋ ಅಂದ್ಕೊಂಡೆ."

ಆಮೇಲೆ, ನನ್ನ ಮುಖ ನೋಡದೆ, "ಸಂಜೆ ಎಂಟಕ್ಕೆ ಮಾತ್ರ ಬಂದು ಹೋಗ್ತೀರಾ? ಎರಡು ನಿಮಿಷ. ಅಪ್ಪನ ಫೋನಿಗೆ."

"ಯಾಕೆ?"

"ಸುಮ್ನೆ. ಅಪ್ಪನಿಗೆ ನಿಮ್ಮ ಮುಖ ನೋಡಿದ್ರೆ ಸಮಾಧಾನ."

ಬರುತ್ತೇನೆ ಅಂದೆ. ಸಮಾಧಾನ ಯಾಕೆ, ಸಮಾಧಾನ ಆಗದಿದ್ದರೆ ಏನು — ಕೇಳಲಿಲ್ಲ. ಇಲ್ಲಿ ಸುಳ್ಳು ಬರೆಯಬಾರದು. ಕೇಳಬೇಕು ಅನ್ನಿಸಿತ್ತು. ಕೇಳಿದರೆ ಉತ್ತರ ಬರುತ್ತಿತ್ತು. ಉತ್ತರ ಬಂದರೆ ಹೋಗಲಾಗುತ್ತಿರಲಿಲ್ಲ.

ಹನ್ನೊಂದು ಗಂಟೆಗೆ ಸಹಿ ಮಾಡಿದೆ.

ಡಿಸೆಂಬರ್ 26

ಸಾಮಾನು ಸಾಗಿಸಿದ್ದು ಅವಳೇ. ನನಗೆ ಪುಸ್ತಕದ ಪೆಟ್ಟಿಗೆ ಮುಟ್ಟಲು ಬಿಡಲಿಲ್ಲ. ಕೊನೆಗೆ 412ರಲ್ಲಿ ಕೂರಿಸಿ ಚಹಾ ಕೊಟ್ಟಳು. ಬಟ್ಟಲಿನ ಕಂಠದವರೆಗೂ ತುಂಬಿಸಿ, ಚೆಲ್ಲುವ ಹಾಗೆ.

ನಾವು ಪ್ರೀತಿಯವರಿಗೆ ಅರ್ಧ ಬಟ್ಟಲು ಕೊಡುತ್ತೇವೆ, ಮತ್ತೆ ಮತ್ತೆ ಕೇಳಲಿ ಅಂತ. ತುಂಬಿಸಿ ಕೊಟ್ಟರೆ ಎದ್ದು ಹೊರಡಿ ಅಂತ ಅರ್ಥ.

"ಇದೇನೇ ಹುಡುಗಿ?"

"ಹೊರಟಿದ್ದೀರಲ್ಲ! ಸರಿಯಾಗೇ ಸುರಿದಿದ್ದೀನಿ." ಕಣ್ಣು ಮಿಟುಕಿಸಿದಳು. ನಗುತ್ತಲೇ ಇದ್ದಳು. ಬಟ್ಟಲು ಎತ್ತುವಾಗ ಬೆರಳು ಸುಟ್ಟಿತು.

ಕಾಲು ಬಿಸಿಮಾಡುವ ಒಂದು ಕಲ್ಲನ್ನು ನನ್ನ ಪೆಟ್ಟಿಗೆಯಲ್ಲಿ ಸೇರಿಸಿಬಿಟ್ಟಿದ್ದಾಳೆ. ಈಗ ಹಾಳೆ ಹಾರದಂತೆ ಮೇಲೆ ಇಟ್ಟಿದ್ದೇನೆ.

ಡಿಸೆಂಬರ್ 27. ಬೆಳಗ್ಗೆ

ಅಲಾರಾಂ ಇಲ್ಲ. ಎಚ್ಚರವಾದಾಗ ಬೆಳಕಾಗಿತ್ತು. ಸುಮ್ಮನೆ ಬಿದ್ದುಕೊಂಡೆ. ನನ್ನ ಉಸಿರು ನನಗೇ ಕೇಳಿಸಿತು. ಹೀಗಿರುತ್ತದೆಯೇ ಅದು!

ಹನ್ನೆರಡು ಪುಟ ಬರೆದೆ ಇವತ್ತು.

ಜನವರಿ 9

ದಿನಾ ಎಂಟಕ್ಕೆ 412ಕ್ಕೆ ಹೋಗಿ ಹಳೆಯ ಮಂಚದ ಅಂಚಿನಲ್ಲಿ ಕುಳಿತು ಬರುತ್ತಿದ್ದೇನೆ. ಆ ಮಂಚಕ್ಕೆ ಫರ್ಗಾನಾದ ಹೊಸ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು, ಸದಾ ಹಾಡು ಹಚ್ಚಿಕೊಂಡಿರುತ್ತಾಳೆ. ನಾನು ಕೂರುವುದಕ್ಕೆ ಅವಳು ಎದ್ದು ನಿಲ್ಲಬೇಕು. ಮುಜುಗರ.

ನೂರಾತದ ಒಬ್ಬ ಮುದುಕಿ ಹಾಡಿದ ಸಾಲೊಂದು ಬೆನ್ನುಹತ್ತಿದೆ. "ಬಾಗಿಲು ಹಾಕಿದ್ದು ಗಾಳಿಯಲ್ಲ ಮಗಳೇ, ನನ್ನ ಕೈ." ಸತ್ತ ಮಗಳಿಗೆ ಹಾಡಿದ್ದು. ಏನರ್ಥ? ಮುದುಕಿಯನ್ನು ಕೇಳಿದರೆ "ಅರ್ಥ ಗೊತ್ತಿದ್ರೆ ಅಳ್ತಿದ್ದೆ, ಹಾಡ್ತಿರ್ಲಿಲ್ಲ" ಅಂದಿದ್ದಳು.

ಜನವರಿ 18

ನಿನ್ನೆ ಹೋಗಲಿಲ್ಲ. ಬರೆಯುತ್ತಿದ್ದೆ. ಗಡಿಯಾರ ನೋಡಿದಾಗ ಒಂಬತ್ತೂವರೆ. ನಾಳೆ ಹೋಗಬೇಕು.

ಜನವರಿ 30

ಮೂರನೇ ಅಧ್ಯಾಯ ಮುಗಿಯಿತು. ಇಪ್ಪತ್ತು ವರ್ಷದಿಂದ ತಲೆಯೊಳಗೆ ಇದ್ದದ್ದು ಹಾಳೆಯ ಮೇಲೆ ಬಂದಿದೆ.

ಕಾರಿಡಾರಿನಲ್ಲಿ ಮುಅತ್ತರ್ ಸಿಕ್ಕಳು. ಬಟ್ಟೆಯ ಬಕೆಟ್ಟು ಹಿಡಿದಿದ್ದಳು. ಸೊರಗಿದ್ದಾಳೆ. ಪರೀಕ್ಷೆ ಇರಬೇಕು. "ಬರ್ತೀನೇ, ಈ ವಾರ ಬರ್ತೀನಿ" ಅಂದೆ.

"ಪರವಾಗಿಲ್ಲ ಒಪಾ. ನೀವು ಲೈಬ್ರರಿಗೆ ಹೋಗಿದ್ದೀರಿ ಅಂತ ಹೇಳ್ತಿದ್ದೀನಿ. ಇಷ್ಟು ದಿನ ಲೈಬ್ರರೀಲಿ ಇದ್ರೆ ನೀವೂ ಒಂದು ಪುಸ್ತಕ ಆಗಿರ್ತೀರಿ ಅಂತಾರೆ ಅಪ್ಪ."

ನಕ್ಕೆ. ನಕ್ಕು ಕೋಣೆಗೆ ಬಂದೆ.

ಫೆಬ್ರುವರಿ 24, ಶನಿವಾರ. ಮಧ್ಯಾಹ್ನ

ನಡೆದ ಹಾಗೇ ಬರೆಯಬೇಕು.

ಹತ್ತು ಗಂಟೆಗೆ ರೋಜಾ ಒಪಾ ಬಾಗಿಲು ತಟ್ಟಿದರು. "ಕೆಳಗೆ ಬನ್ನಿ. ಕಲ್ಲು ಹುಡುಗಿಯ ಅಪ್ಪ ಬಂದಿದ್ದಾನೆ. ಕರ್ಕೊಂಡು ಹೋಗ್ತಾನಂತೆ. ನಿಮ್ಮನ್ನ ನೋಡಬೇಕಂತೆ."

ಹೆಂಗಸರ ಹಾಸ್ಟೆಲ್ಲು, ಗಂಡಸರಿಗೆ ಮೇಲೆ ಪ್ರವೇಶ ಇಲ್ಲ. ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತಿದ್ದರು. ಗೇಣುದ್ದದ ಫೋನಿನಲ್ಲಿ ನೋಡಿದ ಅರ್ಧ ಗಡ್ಡ ಈಗ ಪೂರ್ತಿ ಇತ್ತು. ನನ್ನನ್ನು ಕಂಡು ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟರು. ಬೈಯಲು ಬಂದಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಆರೋಗ್ಯವಾಗಿದೀರಾ ತಂಗಿ? ಸದ್ಯ. ಫೋನಲ್ಲಿ ಕಾಣ್ದೆ ಇದ್ದಾಗ ಕಾಯಿಲೆಯೇನೋ ಅಂದ್ಕೊಂಡೆ. ಲೈಬ್ರರಿ, ಲೈಬ್ರರಿ ಅಂತಾಳೆ ಇವಳು. ಮೊನ್ನೆ ಆ ಹೊಸ ಹುಡುಗೀನ ಕೇಳ್ದೆ, ಒಪಾ ಎಲ್ಲಮ್ಮಾ ಅಂತ. ಯಾವ ಒಪಾ ಅಂದ್ಲು."

"ನಾನು ಇದೇ ಮಹಡೀಲಿ ಇದ್ದೀನಿ ಎಶ್ಮುರೊದ್ ಅಕಾ. ಎಂಟು ಬಾಗಿಲು ಆಚೆ ಅಷ್ಟೇ." ತಂಗಿ ಅಂದವರನ್ನು ಅಕಾ, ಅಣ್ಣ, ಅಂದೆ.

"ಗೊತ್ತಾಯ್ತು." ಟೊಪ್ಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡರು. "ನಮ್ಮಲ್ಲಿ ನಮ್ಮಣ್ಣಂದಿರು ಮೊದಲಿಂದಾನೂ ಬೇಡ ಅಂದ್ರು. ಹೆಣ್ಣುಹುಡುಗಿ, ಅಷ್ಟು ದೂರ, ಯಾರ ಜೊತೆಗೆ ಅಂತ. ಮೊದಲ ವರ್ಷ ನಮ್ಮ ನಾದಿನಿ ಮನೇಲಿದ್ಲು. ಅವರು ಊರು ಬಿಟ್ರು. ನನ್ನ ಹೆಂಡತಿ ಇಲ್ಲಿಂದ ಬಂದು ಹೇಳಿದ್ಲು, ಒಬ್ರು ಟೀಚರ್ ಇದ್ದಾರೆ, ದೊಡ್ಡವರು, ಅವರ ಕೈಗೆ ಒಪ್ಪಿಸಿ ಬಂದೆ, ಮಾಂಸ ನಿಮ್ಮದು ಅಂದೆ, ಆಗಲಿ ಅಂದ್ರು ಅಂತ. ನಾನು ಅಣ್ಣಂದಿರಿಗೆ ದಿನಾ ಹೇಳ್ತಿದ್ದೆ — ನೋಡಿದೆ, ಇದ್ದಾರೆ, ಪಕ್ಕದಲ್ಲೇ ಕೂತಿದ್ದಾರೆ ಅಂತ."

"ಅಕಾ, ಅದು... ಎಲ್ಲರೂ ಹೇಳೋ ಮಾತು. ಮಾತಿಗೆ ಹೇಳೋದು."

"ಹೌದು ತಂಗಿ. ಆ ಮಾತಿಗೇ ಕಳಿಸಿದ್ದು."

ಇವತ್ತೇ ವಾಪಸು ಹೋಗುತ್ತೇನೆ ಅಂದೆ. ಈಗಲೇ. ರೋಜಾ ಒಪಾರ ತೋಳು ಹಿಡಿದೆ. ಮಂಚ ಬೇಡ, ನೆಲದ ಮೇಲೆ ಮಲಗುತ್ತೇನೆ. ಫರ್ಗಾನಾದ ಹುಡುಗಿಗೆ ನನ್ನ ಕೋಣೆ ಕೊಡಿ. ರೋಜಾ ಒಪಾ ಕೂಡ, ಆ ಜೋರು ಬಾಯಿಯವರು, "ಕಾಗದ ಗೀಗದ ನಾನು ನೋಡ್ಕೋತೀನಿ, ಬಿಟ್ಟು ಹೋಗಿ ಹುಡುಗೀನ" ಅಂದರು.

ಎಶ್ಮುರೊದ್ ತಲೆ ಅಲ್ಲಾಡಿಸಿದರು. ಮೆಲ್ಲಗೆ. "ಇಳಿಸಿದ ಹೊರೇನ ಮತ್ತೆ ಹೊರು ಅನ್ನಬಾರದು. ನಿಮಗೂ ನಿಮ್ಮ ಓದು ಇದೆ. ಅಲ್ಲದೆ ಅಲ್ಲಿ ಮಾತೂ ಮುಗಿದಿದೆ. ಹುಡುಗ ಒಳ್ಳೆಯವನು. ಏಪ್ರಿಲ್‌ಗೆ ಮದುವೆ."

ಮೆಟ್ಟಿಲು ಹತ್ತಿ 412ಕ್ಕೆ ಓಡಿದೆ. ಚೀಲ ಕಟ್ಟಿ ಮುಗಿಸಿದ್ದಳು. ಕಲ್ಲುಗಳನ್ನು ಮಂಚದ ಕೆಳಗೇ ಬಿಟ್ಟಿದ್ದಳು.

"ಯಾಕೆ ಹೇಳಲಿಲ್ಲ ನೀನು? ಡಿಸೆಂಬರಿನಲ್ಲೇ ಯಾಕೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ ಒಪಾ." ಚೀಲದ ಜಿಪ್ಪು ಎಳೆಯುತ್ತಿದ್ದಳು, ಅದು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. "ನೀವು ಕೇಳ್ಲಿಲ್ಲ. ಅಷ್ಟು ಆಸೆ ಇದೆ ಅಂದ್ಕೊಂಡೆ. ನಲವತ್ತೇಳು ವರ್ಷ ಅಂದಿದ್ರಿ."

ಜಿಪ್ಪು ನಾನು ಎಳೆದು ಕೊಟ್ಟೆ. ಬೇರೆ ಏನೂ ಮಾಡಲಾಗಲಿಲ್ಲ.

ಅವಳು ಮೇಜಿನ ಮೇಲಿದ್ದ ರೊಟ್ಟಿ ತೆಗೆದುಕೊಂಡಳು. ಅಂಚು ಒಂದು ತುತ್ತು ಕಚ್ಚಿದಳು. ನಿಧಾನವಾಗಿ ಅಗಿದು ನುಂಗಿದಳು. ಮನೆಯಿಂದ ಹೊರಡುವವರು ಮನೆಯಲ್ಲಿ ಬಿಟ್ಟು ಹೋಗುವುದು ಅದು. ಅವಳು ಮನೆಗೆ ಹೊರಟಿದ್ದಳು. ಉಳಿದದ್ದನ್ನು ನನ್ನ ಎರಡು ಕೈಯಲ್ಲಿ ಇಟ್ಟಳು.

"ನಿಮ್ಮ ಕೋಣೇಲಿ ಮೊಳೆ ಇದೆಯಲ್ಲ. ಗುಬ್ಬಿಗೆ ಹಾಕಬೇಡಿ ಮತ್ತೆ."

ಆಗಲೂ ನಗಿಸಲು ನೋಡಿದಳು.

ಫೆಬ್ರುವರಿ 25

ತೂಗುಹಾಕಿದ್ದೇನೆ. ತಿಳಿ ಬಟ್ಟೆಯಲ್ಲಿ ಕಟ್ಟಿ. ಹಲ್ಲಿನ ಗುರುತು ಅರ್ಧಚಂದ್ರದಂತೆ ಕಾಣುತ್ತದೆ.

ಕಲ್ಲುಗಳನ್ನೂ ತಂದುಕೊಂಡೆ. ನಾಲ್ಕು ಸಲ ಓಡಾಡಬೇಕಾಯಿತು.

ಮಾರ್ಚ್ 12

ಮಾರ್ಗದರ್ಶಕರು ಮೂರನೇ ಅಧ್ಯಾಯ ಓದಿದರು. ಮುದುಕಿಯ ಸಾಲಿಗೆ ನಾನು ಹೊಸದಾಗಿ ಸೇರಿಸಿದ ಎರಡು ಪುಟ ತೋರಿಸಿ, "ಇದು ಎಲ್ಲಿಂದ ಬಂತು ಹೋಸಿಯತ್? ಇಷ್ಟು ವರ್ಷದಲ್ಲಿ ಯಾರೂ ಹೀಗೆ ಓದಿಲ್ಲ" ಅಂದರು.

ಎಂಟು ಬಾಗಿಲು ಆಚೆಯಿಂದ ಅನ್ನಲಿಲ್ಲ. ಧನ್ಯವಾದ ಅಂದೆ.

ಮಾರ್ಚ್ 21

ನವ್ರೂಜ್, ವಸಂತದ ಹೊಸವರ್ಷ. ಅಂಗಳದಲ್ಲಿ ಹುಡುಗಿಯರು ಗೋಧಿ ಮೊಳಕೆಯ ಪಾಯಸ ಮೊಗೆಯುತ್ತಿದ್ದಾರೆ. ಅದು ತಳ ಹಿಡಿಯದಂತೆ ಹಂಡೆಗೆ ಕಲ್ಲು ಹಾಕಬೇಕು. ನನ್ನ ಹತ್ತಿರ ಕಲ್ಲಿದೆ ಅಂತ ಯಾರೋ ಹೇಳಿದ್ದಾರೆ, ನಿನ್ನೆ ಕೇಳಲು ಬಂದಿದ್ದರು. ಏಳು ಕೊಟ್ಟೆ. ಈಗ ಬಂದು ಎಣಿಸಿ ವಾಪಸು ಕೊಟ್ಟರು. ತೊಳೆದಿದ್ದರೂ ಸಿಹಿ ವಾಸನೆ.

ಮುಅತ್ತರಿಗೆ ಶುಭಾಶಯ ಕಳಿಸಿದೆ. ಹೋಗಿ ತಲುಪಿಲ್ಲ. ನಂಬರ್ ಬದಲಾಗಿರಬೇಕು. ಅಪ್ಪನ ಫೋನಿಗೆ ಮಾಡಲು ಧೈರ್ಯ ಇಲ್ಲ.

ಏಪ್ರಿಲ್ 20

ಅವಳ ಮದುವೆ ಇವತ್ತೋ ನಾಳೆಯೋ. ಕರೆಯೋಲೆ ಬಂದಿಲ್ಲ. ಬರಬೇಕೆಂದೂ ಇಲ್ಲ.

ಮೇ 28

ಅಪರಿಚಿತ ನಂಬರಿನಿಂದ ಒಂದೇ ಪದ. ಮಧ್ಯಾಹ್ನ ಎರಡೂ ಹತ್ತಕ್ಕೆ.

"ಇದೆಯಾ?"

ಮೊಳೆಯ ರೊಟ್ಟಿಯ ಕಡೆ ನೋಡಿ "ಇದೆ" ಅಂತ ಕಳಿಸಿದೆ. ಆಮೇಲೆ ತುಂಬ ಬರೆದೆ. ಕಾಲೇಜಿನಲ್ಲಿ ಅಂಚೆ ಮೂಲಕ ಓದುವ ವಿಭಾಗ ಇದೆ, ಮದುವೆಯಾದವರೂ ಸೇರಬಹುದು, ನಾನು ಮಾತಾಡುತ್ತೇನೆ, ಬೇಕಾದರೆ ನಾನೇ ಬೈಸುನಿಗೆ ಬಂದು ನಿನ್ನ ಅತ್ತೆಮಾವನನ್ನು ಕೇಳುತ್ತೇನೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಫೋನು ಯಾರ ಕೈಯಲ್ಲಿತ್ತೋ.

ಜೂನ್ 3, ಸೋಮವಾರ

ಮುಂದಿನ ವರ್ಷದ ಫಾರಂ ತಂದುಕೊಟ್ಟರು ರೋಜಾ ಒಪಾ. ಒಂಟಿ ಕೋಣೆ / ಜೊತೆ ಕೋಣೆ — ಒಂದನ್ನು ಹೊಡೆದುಹಾಕಬೇಕು. ಒಂಟಿ ಕೋಣೆ ಹೊಡೆದೆ. ಜೊತೆಗೆ ಯಾರು ಎನ್ನುವ ಜಾಗದಲ್ಲಿ ಅವಳ ಹೆಸರು, ಅಪ್ಪನ ಹೆಸರು, ಊರು ಬರೆದೆ.

ಅವರು ಕನ್ನಡಕ ಏರಿಸಿ ಓದಿದರು. "ಹೋಸಿಯತ್, ಇಲ್ಲದವರ ಹೆಸರು ಬರೆಯೋ ಹಾಗಿಲ್ಲ."

"ಬರ್ತಾಳೆ. ರೊಟ್ಟಿ ಇಟ್ಟು ಹೋಗಿದ್ದಾಳೆ."

ಅವರು ಮೊಳೆಯ ಕಡೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಫಾರಂ ಮಡಚಿ ಜೇಬಿಗೆ ಹಾಕಿಕೊಂಡು, "ಸೆಪ್ಟೆಂಬರ್‌ವರೆಗೂ ಇಟ್ಕೋತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ" ಅಂದು ಹೋದರು.

ಅದೇ ದಿನ. ಸಂಜೆ

ಕಿಟಕಿ ತೆರೆದಿದೆ. ಚಿನಾರ್ ತುಂಬ ಎಲೆ. ಮೇಜಿನ ಮೇಲೆ ಎರಡು ಬಟ್ಟಲು, ಎರಡರಲ್ಲೂ ಅರ್ಧ.

ಏಳೂ ಐವತ್ತೈದು. ಈ ಹೊತ್ತಿಗೆ ಅಲ್ಲಿ ಮಂದೆ ಕೊಟ್ಟಿಗೆ ಸೇರಿರುತ್ತದೆ. ಫೋನನ್ನು ಕಲ್ಲಿಗೆ ಒರಗಿಸಿ ನಿಲ್ಲಿಸಿದ್ದೇನೆ. ಎಂಟಕ್ಕೆ ಅವಳ ಅಪ್ಪನಿಗೆ ನಾನೇ ಕರೆ ಮಾಡುತ್ತೇನೆ. ತಲೆವಸ್ತ್ರ ಸರಿಮಾಡಿಕೊಳ್ಳಬೇಕು. ಒಂದು ವೇಳೆ ಅವರು ನೋಡಿದರೆ ನನ್ನ ಮುಖ ಕಾಣಬೇಕು.